ಜನ್ಮವೂ ರುಜುವಾತೂ: ನಾಸಿಕದ ಒಂದು ಮೊಕದ್ದಮೆಯ ವಿವೇಚನೆ

೧

ನ್ಯಾಯಾಸ್ಥಾನದಲ್ಲಿ ಒಬ್ಬ ಮನುಷ್ಯನ ವಿಚಾರಣೆ ನಡೆಯುವಾಗ ಎರಡು ಪ್ರಶ್ನೆಗಳು ಏಳುತ್ತವೆ. ಈತನು ಏನು ಮಾಡಿದನೆಂಬುದು ಒಂದು. ಈತನು ಯಾರೆಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಉತ್ತರವು ಸಾಕ್ಷ್ಯದಿಂದಲೇ ದೊರೆಯಬೇಕು. ಎರಡನೆಯದಕ್ಕಾದರೋ ಸಮಾಜವು ಸಾಕ್ಷ್ಯದ ಹಂಗಿಲ್ಲದೆ ತನ್ನ ಉತ್ತರವನ್ನು ಮೊದಲೇ ಸಿದ್ಧಪಡಿಸಿ ಇಟ್ಟುಕೊಂಡಿರುತ್ತದೆ. ಈ ಸಿದ್ಧ ಉತ್ತರವು ಮೊದಲನೆಯ ಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿಕೊಂಡಾಗ, ಕಾಯಿದೆಯ ವಿಧಿಗಳೆಲ್ಲವೂ ಯಥಾಕ್ರಮವಾಗಿ ಪಾಲಿಸಲ್ಪಟ್ಟಂತೆ ತೋರುತ್ತಿದ್ದರೂ, ಅನ್ಯಾಯವು ಒಳಹೊಕ್ಕಿರುತ್ತದೆ.

ಈ ಮಾತಿಗೆ ಸಾಹಿತ್ಯದಲ್ಲಿ ಸುಪ್ರಸಿದ್ಧವಾದ ನಿದರ್ಶನವೆಂದರೆ ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ ಕಾದಂಬರಿ. ೧೯೬೦ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ಈ ಕೃತಿಯ ಕಥೆ ೧೯೩೦ರ ದಶಕದ ಅಲಬಾಮಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ನಡೆಯುತ್ತದೆ. ಟಾಮ್ ರಾಬಿನ್ಸನ್ ಎಂಬ ನೀಗ್ರೋ ಕೂಲಿಗಾರನು ಮೆಯೆಲಾ ಯೂವೆಲ್ ಎಂಬ ಬಿಳಿಯ ಯುವತಿಯ ಮೇಲೆ ಅತ್ಯಾಚಾರವೆಸಗಿದನೆಂಬುದು ಆಪಾದನೆ. ಆತನ ಪರವಾಗಿ ವಾದಿಸುವವನು ಆಟಿಕಸ್ ಫಿಂಚ್ ಎಂಬ ಬಿಳಿಯ ವಕೀಲ.

ಸಾಕ್ಷ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ವಿಚಾರಣೆಯಲ್ಲಿ ತೊಡಕಾದುದು ಏನೂ ಇಲ್ಲ. ಪೆಟ್ಟು ಬಿದ್ದುದು ಯುವತಿಯ ಮುಖದ ಬಲಭಾಗಕ್ಕೆ. ಎದುರಿಗೆ ನಿಂತವನ ಎಡಗೈಯಿಂದ ಅಂಥ ಪೆಟ್ಟು ಬೀಳುವುದು ಸಹಜ. ಕುತ್ತಿಗೆಯ ಸುತ್ತಲೂ ಬೆರಳಿನ ಗುರುತುಗಳಿದ್ದುವು. ಹಾಗಾಗಲು ಎರಡು ಕೈಗಳೂ ಬೇಕು. ಟಾಮನ ಎಡಗೈಯಾದರೋ ಬಾಲ್ಯದಲ್ಲಿ ಹತ್ತಿಯ ಜಿನ್ನಿನಲ್ಲಿ ಸಿಕ್ಕಿ ನಿರರ್ಥಕವಾಗಿದೆ. ಯುವತಿಯ ತಂದೆ ಎಡಗೈಯವನೆಂಬುದು ಆತನು ಎಲ್ಲರೆದುರಿಗೆ ತನ್ನ ಹೆಸರು ಬರೆದಾಗಲೇ ಬಯಲಾಗುತ್ತದೆ. ಘಟನೆಯಾದ ಬಳಿಕ ವೈದ್ಯನನ್ನು ಯಾರೂ ಕರೆಯಿಸಿಲ್ಲ. ಹೀಗೆ ದೇಹಗಳು ನುಡಿಯುವ ಸಾಕ್ಷ್ಯವು ಒಂದು ದಿಕ್ಕಿಗೆ, ಬಾಯಿಗಳು ನುಡಿಯುವ ಸಾಕ್ಷ್ಯವು ಇನ್ನೊಂದು ದಿಕ್ಕಿಗೆ ಇದ್ದರೂ, ಬಿಳಿಯರಿಂದಲೇ ತುಂಬಿದ ಜೂರಿಯು ಟಾಮನು ಅಪರಾಧಿಯೆಂದು ಸಾರುತ್ತದೆ.

ವಿಚಾರಣೆಯ ನಡುವೆ ಬರುವ ಒಂದು ಸಣ್ಣ ಸಂಗತಿ ಇಲ್ಲಿ ಗಮನಾರ್ಹ. ಆ ಹುಡುಗಿಗೆ ಏಕೆ ಕೆಲಸ ಮಾಡಿಕೊಟ್ಟೆಯೆಂದು ಸರಕಾರಿ ವಕೀಲನು ಕೇಳಿದಾಗ, ಆಕೆಯನ್ನು ಕಂಡು ಕನಿಕರವಾಯಿತೆಂದು ಟಾಮನು ಹೇಳುತ್ತಾನೆ. ನಿಜವಾದ ಮಾತು, ಆದರೆ ಆತನಿಗೆ ಮುಳುವಾದದ್ದೂ ಅದೇ. ಕರಿಯನೊಬ್ಬನು ಬಿಳಿಯಳ ಬಗ್ಗೆ ಕನಿಕರಪಡುವುದೆಂದರೆ ತಾನು ಆಕೆಗಿಂತ ಮೇಲೆಂದು ಭಾವಿಸಿದಂತೆ. ಕೈಯ ಊನವು ರುಜುವಾತು ಮಾಡಿದ್ದನ್ನು ಆ ಒಂದು ಮಾತು ಅಳಿಸಿಹಾಕುತ್ತದೆ. ಸಾಕ್ಷ್ಯವು ಜೂರಿಯ ಕಿವಿಗೆ ಬಿದ್ದಿತು, ಆದರೆ ಅದಕ್ಕೆ ಬೆಲೆ ಬರಲಿಲ್ಲ.

೨

ಕಾದಂಬರಿಯ ಈ ಚಿತ್ರವು ಕೇವಲ ಕಲ್ಪನೆಯೆಂದು ತಿಳಿಯುವಂತಿಲ್ಲ. ೧೯೩೧ರ ಮಾರ್ಚಿಯಲ್ಲಿ ಅದೇ ಅಲಬಾಮಾ ರಾಜ್ಯದಲ್ಲಿ ಒಂಬತ್ತು ಮಂದಿ ಕರಿಯ ತರುಣರ ಮೇಲೆ ಇಬ್ಬರು ಬಿಳಿಯ ಹೆಂಗಸರ ಅತ್ಯಾಚಾರದ ಆಪಾದನೆ ಬಂದಿತು. ಸ್ಕಾಟ್ಸ್‌ಬರೋ ಮೊಕದ್ದಮೆಯೆಂದು ಇದು ಪ್ರಸಿದ್ಧವಾಗಿದೆ. ಬಂಧನವಾದ ಎರಡು ವಾರಗಳ ಸುಮಾರಿಗೆ ಎಂಟು ಮಂದಿಗೆ ಮರಣದಂಡನೆ ವಿಧಿಸಲ್ಪಟ್ಟಿತು. ೧೯೩೩ರಲ್ಲಿ ಮರುವಿಚಾರಣೆ ನಡೆಯಿತು. ಆಗಲೂ ಜೂರಿಯು ತಪ್ಪಿತಸ್ಥನೆಂದೇ ಹೇಳಿದಾಗ, ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಅವರು ವೈದ್ಯಕೀಯ ಸಾಕ್ಷ್ಯವು ಫಿರ್ಯಾದಿಯ ಹೇಳಿಕೆಗೆ ಹೊಂದುವುದಿಲ್ಲವೆಂದು ಆ ನಿರ್ಣಯವನ್ನು ತಳ್ಳಿಹಾಕಿದರು. ಮರುವರ್ಷದ ಚುನಾವಣೆಯಲ್ಲಿ ಅವರು ತಮ್ಮ ನ್ಯಾಯಾಧೀಶ ಪದವಿಯನ್ನೇ ಕಳೆದುಕೊಳ್ಳಬೇಕಾಯಿತು.

ಇದೇ ಪ್ರಕರಣವು ೧೯೩೫ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟಿನ ಮುಂದೆ ಎರಡನೆಯ ಬಾರಿ ಬಂದಾಗ ಒಂದು ದಫ್ತರು ಮುಖ್ಯ ಸಾಕ್ಷಿಯಾಯಿತು. ಜೂರಿಯ ಪಟ್ಟಿಯಲ್ಲಿ ಕರಿಯರ ಹೆಸರುಗಳೂ ಇವೆಯೆಂದು ರಾಜ್ಯವು ವಾದಿಸಿತ್ತು. ಆ ಹೆಸರುಗಳು ಆಮೇಲೆ ತುರುಕಲ್ಪಟ್ಟವೆಂದು ಪ್ರತಿವಾದಿಗಳು ಹೇಳಿದರು. ನ್ಯಾಯಾಧೀಶರು ಪುಸ್ತಕವನ್ನು ಭೂತಗನ್ನಡಿಯಿಂದ ಪರೀಕ್ಷಿಸಿದರು. ಕರಿಯರನ್ನು ಜೂರಿಯಿಂದ ಕ್ರಮಬದ್ಧವಾಗಿ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಬಂದಿತು. ಆದರೂ ಈ ತರುಣರಲ್ಲಿ ಕೊನೆಯ ಮೂವರ ಹೆಸರಿಗೆ ಅಲಬಾಮಾ ರಾಜ್ಯವು ಮರಣೋತ್ತರ ಕ್ಷಮಾದಾನವನ್ನು ನೀಡಿದ್ದು ೨೦೧೩ರಲ್ಲಿ.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಜೂರಿಯು ತನ್ನ ನಿರ್ಣಯಕ್ಕೆ ಕಾರಣಗಳನ್ನು ಹೇಳುವುದಿಲ್ಲ. ‘ತಪ್ಪಿತಸ್ಥ’ ಎಂಬ ಒಂದು ಶಬ್ದದ ಹಿಂದೆ ಇದ್ದುದು ಸಾಕ್ಷ್ಯವೋ ವರ್ಣದ್ವೇಷವೋ ಎಂಬುದು ಗುಪ್ತವಾಗಿಯೇ ಉಳಿಯುತ್ತದೆ. ಭಾರತದಲ್ಲಿ ಜೂರಿಯ ಪದ್ಧತಿ ಕ್ರಮೇಣ ಕ್ಷೀಣಿಸಿ, ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸಂಪೂರ್ಣ ಕೈಬಿಡಲ್ಪಟ್ಟಿತು. ನಮ್ಮ ನ್ಯಾಯಾಧೀಶನು ತನ್ನ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕು. ಮೇಲಿನ ನ್ಯಾಯಾಲಯವು ಅವನ್ನು ಒಂದೊಂದಾಗಿ ತೂಗಿ ನೋಡಬಹುದು. ಹಾಗಾದರೆ ಟಾಮ್ ರಾಬಿನ್ಸನ್ನನಿಗೆ ಆದಂಥ ಅನ್ಯಾಯವು ಈ ಪದ್ಧತಿಯಲ್ಲಿ ಅಸಾಧ್ಯವೇ? ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ತೀರ ಹತ್ತಿರದಲ್ಲೇ, ನಾಸಿಕದಲ್ಲಿ, ನಡೆದ ಒಂದು ಮೊಕದ್ದಮೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ.

೩

೨೦೦೩ನೆಯ ಇಸವಿಯ ಜೂನ್ ೫ರ ರಾತ್ರಿ ನಾಸಿಕದ ಸಮೀಪದ ಒಂದು ಹಳ್ಳಿಯ ತೋಟದ ಮನೆಗೆ ಏಳೆಂಟು ಮಂದಿ ನುಗ್ಗಿದರು. ದರೋಡೆ, ಅತ್ಯಾಚಾರ, ಐವರ ಕೊಲೆ, ಇಷ್ಟೂ ಒಂದೇ ರಾತ್ರಿಯಲ್ಲಿ ನಡೆದುವು. ತೀವ್ರವಾಗಿ ಗಾಯಗೊಂಡಿದ್ದ ಇಬ್ಬರು ಮಾತ್ರ ಬದುಕಿ ಉಳಿದರು. ಕೃತ್ಯವು ಘೋರವಾದುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ, ಇಂದಿಗೂ ಇಲ್ಲ. ಸಂದೇಹವಿದ್ದುದು ಅದನ್ನು ಮಾಡಿದವರು ಯಾರೆಂಬುದರಲ್ಲಿ.

ಆ ತಿಂಗಳಿನಲ್ಲಿಯೇ ಪೋಲೀಸರ ಕೈಗೆ ಸಿಕ್ಕಿದವರು ಮರಾಠವಾಡದ ಜಾಲನಾ ಕಡೆಯ ಅಲೆಮಾರಿ ಜನಾಂಗಕ್ಕೆ ಸೇರಿದ ಬಡ ಕೂಲಿಗಾರರು. ಜಾಲನಾ ಸೀಮೆಯು ೧೯೮೧ರ ವರೆಗೆ ಔರಂಗಾಬಾದ್ ಜಿಲ್ಲೆಯ ಭಾಗವಾಗಿತ್ತು. ಆ ಜಿಲ್ಲೆಗೂ ನಗರಕ್ಕೂ ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರಾಯಿತು. ಆರು ಮಂದಿಯ ಮೇಲೆ ನಾಸಿಕದ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಬದುಕುಳಿದವರು ಇವರನ್ನು ಗುರುತಿಸಿದರೆಂಬುದೇ ಮೊಕದ್ದಮೆಯ ಮುಖ್ಯ ಆಧಾರ. ೨೦೦೬ರ ಜೂನಿನಲ್ಲಿ ಆರು ಮಂದಿಗೂ ಮರಣದಂಡನೆ ವಿಧಿಸಲ್ಪಟ್ಟಿತು. ೨೦೦೭ರ ಮಾರ್ಚಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮೂವರ ಮರಣದಂಡನೆಯನ್ನು ದೃಢಪಡಿಸಿ, ಉಳಿದ ಮೂವರದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ೨೦೦೯ರ ಏಪ್ರಿಲ್ ೩೦ರಂದು ಸರ್ವೋಚ್ಚ ನ್ಯಾಯಾಲಯವು ಇಳಿಸಿದ್ದ ಶಿಕ್ಷೆಯನ್ನು ಮತ್ತೆ ಏರಿಸಿ, ಆರು ಮಂದಿಯೂ ಗಲ್ಲಿಗೇರತಕ್ಕವರೆಂದು ತೀರ್ಪಿತ್ತಿತು. ಮೂರು ನ್ಯಾಯಾಲಯಗಳು, ಮೂರು ಲಿಖಿತ ತೀರ್ಪುಗಳು. ಆರೋಪಿಗಳು ಅಪರಾಧಿಗಳೆಂಬ ವಿಷಯದಲ್ಲಿ ಮೂರೂ ಒಮ್ಮತ.

ಈ ಕೊನೆಯ ತೀರ್ಪಿನಲ್ಲಿ ಒಂದು ತಾತ್ತ್ವಿಕ ದೋಷವೂ ಇದ್ದಿತು. ಮರಣದಂಡನೆಯನ್ನು ವಿಧಿಸುವಾಗ ಅಪರಾಧವನ್ನಲ್ಲದೆ ಅಪರಾಧಿಯನ್ನೂ, ಆತನ ವಯಸ್ಸು, ಹಿನ್ನೆಲೆ, ಸುಧಾರಣೆಯ ಸಾಧ್ಯತೆಗಳನ್ನೂ ನೋಡಬೇಕೆಂದು ೧೯೮೦ರಲ್ಲಿಯೇ ಸಂವಿಧಾನ ಪೀಠವು ಗೊತ್ತುಮಾಡಿತ್ತು. ೧೯೯೬ರ ಇನ್ನೊಂದು ತೀರ್ಪು ಅದನ್ನು ಬದಿಗಿರಿಸಿ, ಅಪರಾಧದ ಸ್ವರೂಪವೊಂದೇ ಸಾಕೆಂದಿತ್ತು. ೨೦೦೯ರ ಏಪ್ರಿಲಿನ ತೀರ್ಪು ಈ ಎರಡನೆಯದನ್ನು ಆಧರಿಸಿತು. ಎರಡು ವಾರಗಳು ತುಂಬುವುದರೊಳಗೆ, ಮೇ ತಿಂಗಳಲ್ಲಿ, ಅದೇ ನ್ಯಾಯಾಲಯದ ಬೇರೊಂದು ಪೀಠವು ೧೯೯೬ರ ಆ ನಿಲುವು ಪೂರ್ವನಿರ್ಣಯವನ್ನು ಕಡೆಗಣಿಸಿ ಹೇಳಿದ್ದೆಂದು ಸ್ಪಷ್ಟಪಡಿಸಿತು. ೨೦೧೨ರಲ್ಲಿ ಹದಿನಾಲ್ಕು ಮಂದಿ ನಿವೃತ್ತ ನ್ಯಾಯಾಧೀಶರು, ಇಂಥ ದೋಷಯುಕ್ತ ತೀರ್ಪುಗಳಿಂದ ಗಲ್ಲಿನ ನೆರಳಿನಲ್ಲಿರುವವರ ಶಿಕ್ಷೆಯನ್ನು ತಗ್ಗಿಸಬೇಕೆಂದು ರಾಷ್ಟ್ರಪತಿಗಳಿಗೆ ಬರೆದುಕೊಂಡರು. ಅದೇ ವರ್ಷ ಈ ಆರು ಮಂದಿಯಲ್ಲಿ ಒಬ್ಬನು ಘಟನೆಯ ಕಾಲದಲ್ಲಿ ಅಪ್ರಾಪ್ತವಯಸ್ಕನಾಗಿದ್ದನೆಂಬುದೂ ನಿಶ್ಚಿತವಾಯಿತು. ಬಾಲಕನೊಬ್ಬನು ಮೂರು ನ್ಯಾಯಾಲಯಗಳನ್ನು ದಾಟಿ ಗಲ್ಲಿನ ಕೋಣೆಗೆ ಹೋಗಿದ್ದನು.

ಇವೆಲ್ಲ ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ ಮಾತುಗಳು. ಅಪರಾಧ ಮಾಡಿದವರು ಇವರೇ ಹೌದೋ ಅಲ್ಲವೋ ಎಂಬ ಮೂಲಪ್ರಶ್ನೆಯನ್ನು ಅವು ಮುಟ್ಟಿರಲಿಲ್ಲ. ಮರಣದಂಡನೆಯ ಮೊಕದ್ದಮೆಗಳಲ್ಲಿ ಪುನರ್ವಿಮರ್ಶೆಯ ಅರ್ಜಿಯನ್ನು ತೆರೆದ ನ್ಯಾಯಾಲಯದಲ್ಲಿ ಕೇಳತಕ್ಕದ್ದೆಂದು ೨೦೧೪ರಲ್ಲಿ ಸಂವಿಧಾನ ಪೀಠವು ವಿಧಿಸಿತು. ಆಮೇಲೆ, ೨೦೧೮ರ ಅಕ್ಟೋಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ೨೦೦೯ರ ತನ್ನ ತೀರ್ಪನ್ನು ಹಿಂತೆಗೆದುಕೊಂಡು ಮೇಲ್ಮನವಿಗಳನ್ನು ಹೊಸದಾಗಿ ಕೇಳಲು ಒಪ್ಪಿತು. ನ್ಯಾಯಮೂರ್ತಿಗಳಾದ ಎ. ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್ ಮತ್ತು ಎಂ. ಆರ್. ಷಾ ಅವರ ಪೀಠವು ೨೦೧೯ರ ಮಾರ್ಚಿ ೫ರಂದು ಆರು ಮಂದಿಯನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಇವರಲ್ಲಿ ನ್ಯಾಯಮೂರ್ತಿ ನಜೀರರು ದಕ್ಷಿಣ ಕನ್ನಡ ಜಿಲ್ಲೆಯವರು, ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಬಹುಕಾಲ ನ್ಯಾಯಾಧೀಶರಾಗಿದ್ದವರು. ಬಂಧನದಿಂದ ಬಿಡುಗಡೆಗೆ ಕಳೆದ ಕಾಲ ಹದಿನಾರು ವರ್ಷಗಳ ಸಮೀಪ.

೪

ಈ ಬಿಡುಗಡೆಗೆ ಕಾರಣವಾದ ಸಂಗತಿ ಯಾವುದು? ಅದು ಹದಿನಾರು ವರ್ಷಗಳ ಬಳಿಕ ಹೊಸದಾಗಿ ದೊರೆತ ಸಾಕ್ಷ್ಯವಲ್ಲ. ಘಟನೆಯಾದ ಎರಡನೆಯ ದಿನದಿಂದ ಕಡತದಲ್ಲಿಯೇ ಇದ್ದುದು. ೨೦೦೩ರ ಜೂನ್ ೭ರಂದು, ಬದುಕುಳಿದವರಲ್ಲಿ ಒಬ್ಬರಾದ ಮಹಿಳೆಗೆ ಪೋಲೀಸರ ದಾಖಲೆಯಲ್ಲಿದ್ದ ಅಪರಾಧಿಗಳ ಭಾವಚಿತ್ರಗಳನ್ನು ವಿಶೇಷ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಸಮಕ್ಷಮ ತೋರಿಸಲಾಯಿತು. ಆಕೆ ನಾಲ್ಕು ಮಂದಿಯನ್ನು ಗುರುತಿಸಿದಳು. ಆ ನಾಲ್ವರು ವಿಚಾರಣೆಗೆ ಗುರಿಯಾದ ಆರು ಮಂದಿಯಲ್ಲಿ ಯಾರೂ ಅಲ್ಲ.

ನೆನಪು ಮಾಸುವುದಕ್ಕೆ ಮುನ್ನ, ಅಧಿಕಾರಿಯೊಬ್ಬರ ಎದುರಿಗೆ, ಪ್ರತ್ಯಕ್ಷಸಾಕ್ಷಿಯೊಬ್ಬಳು ಮಾಡಿದ ಗುರುತಿಸುವಿಕೆಗಿಂತ ಬೆಲೆಯುಳ್ಳ ಸಾಕ್ಷ್ಯವು ಇಂಥ ಮೊಕದ್ದಮೆಯಲ್ಲಿ ಇನ್ನಾವುದಿದ್ದೀತು? ಆದರೂ ಆ ನಾಲ್ವರನ್ನು ಹಿಡಿಯಲಿಲ್ಲ, ವಿಚಾರಿಸಲಿಲ್ಲ. ಅವರನ್ನು ಏಕೆ ಕೈಬಿಡಲಾಯಿತೆಂಬುದಕ್ಕೆ ಸಮಾಧಾನಕರವಾದ ವಿವರಣೆಯೂ ಬರಲಿಲ್ಲ. ಸರಕಾರಿ ಪಕ್ಷವು ಈ ಸಂಗತಿಯನ್ನು ನ್ಯಾಯಾಲಯದ ಮುಂದಿರಿಸದೆ ಹಿಂದಿಟ್ಟುಕೊಂಡಿತೆಂದು ಸರ್ವೋಚ್ಚ ನ್ಯಾಯಾಲಯವು ಕಂಡುಕೊಂಡಿತು. ವಿಚಾರಣೆಗೆ ಬಂದುದು ಆಮೇಲಿನ ಗುರುತು. ಹಿಂದೆ ಉಳಿದುದು ಮೊದಲಿನ ಗುರುತು.

ಆರೋಪಿಗಳು ಅಲೆಮಾರಿ ಜನಾಂಗದವರು, ಸಮಾಜದ ಕೆಳಸ್ತರದ ಬಡ ಕೂಲಿಗಾರರು, ಆದುದರಿಂದ ಸುಳ್ಳಾಗಿ ಸಿಕ್ಕಿಸಲ್ಪಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂಬರ್ಥದ ಮಾತನ್ನು ತೀರ್ಪು ಸ್ಪಷ್ಟವಾಗಿ ಆಡಿದೆ. ಪ್ರತಿಯೊಬ್ಬನಿಗೂ ಐದೈದು ಲಕ್ಷ ರೂಪಾಯಿಗಳ ಪರಿಹಾರವನ್ನು ರಾಜ್ಯವು ಕೊಡಬೇಕೆಂದೂ, ತನಿಖೆಯಲ್ಲಿ ತಪ್ಪಿದ ಅಧಿಕಾರಿಗಳನ್ನು ಗುರುತಿಸಿ ಕ್ರಮ ಕೈಗೊಳ್ಳಬೇಕೆಂದೂ ಆಜ್ಞೆಯಾಯಿತು. ನ್ಯಾಯಬದ್ಧವಾದ ತನಿಖೆಯು ಆರೋಪಿಗೆ ಸಲ್ಲುವಷ್ಟೇ ನೊಂದವರಿಗೂ ಸಲ್ಲುವ ಹಕ್ಕೆಂಬುದನ್ನು ತೀರ್ಪು ಎತ್ತಿ ಹೇಳಿತು. ಇದು ಬರಿಯ ಔಪಚಾರಿಕ ಮಾತಲ್ಲ. ತಪ್ಪು ಮನುಷ್ಯರನ್ನು ಶಿಕ್ಷಿಸಿದುದರಿಂದ ಆ ತೋಟದ ಮನೆಯ ಐದು ಸಾವುಗಳಿಗೆ ಉತ್ತರ ಸಿಕ್ಕಂತಾಗಲಿಲ್ಲ. ಅನ್ಯಾಯವು ಆರು ಸಂಸಾರಗಳಿಗಲ್ಲದೆ ಏಳನೆಯದಕ್ಕೂ ತಟ್ಟಿತು.

ಇನ್ನು ಕಾದಂಬರಿಯ ವಿಚಾರಣೆಯೊಡನೆ ಇದನ್ನು ಇಟ್ಟು ನೋಡಬಹುದು. ಅಲ್ಲಿ ಸಾಕ್ಷ್ಯವು ಸಭೆಯ ಮುಂದೆ ಬಂದಿತು. ನಿರ್ಣಯಿಸುವವರು ಅದನ್ನು ತಿರಸ್ಕರಿಸಿದರು. ಇಲ್ಲಿ ನಿರ್ಣಯಿಸುವವರ ಎದುರಿಗೆ ಅದು ಇರಬೇಕಾದ ರೀತಿಯಲ್ಲಿ ಬರಲೇ ಇಲ್ಲ. ಅಲ್ಲಿ ಪೂರ್ವಗ್ರಹವು ಜೂರಿಯ ಮನಸ್ಸಿನಲ್ಲಿ ಕುಳಿತಿದ್ದರೆ, ಇಲ್ಲಿ ಅದು ನ್ಯಾಯಾಲಯದ ಹೊಸ್ತಿಲಿಗಿಂತ ಬಹಳ ಹಿಂದೆ, ಯಾರನ್ನು ಹಿಡಿಯಬೇಕು, ಯಾವ ಕಾಗದವನ್ನು ಮೇಲಿಡಬೇಕು, ಯಾವುದನ್ನು ಕೆಳಗಿಡಬೇಕು ಎಂಬ ಹಂತದಲ್ಲಿ ಕೆಲಸ ಮಾಡಿತು. ನ್ಯಾಯಾಧೀಶನು ಎಷ್ಟೇ ನಿಷ್ಪಕ್ಷಪಾತಿಯಾಗಿದ್ದರೂ, ಆಯ್ದ ಸಾಕ್ಷ್ಯವನ್ನಷ್ಟೇ ಕಂಡಾಗ, ಬೇರೆಯವರ ಪಕ್ಷಪಾತವನ್ನೇ ನಿಷ್ಪಕ್ಷಪಾತದ ಭಾಷೆಯಲ್ಲಿ ಬರೆದಂತಾಗುತ್ತದೆ.

೫

ಅಲೆಮಾರಿಯೆಂದರೆ ಅಪರಾಧಿಯೆಂಬ ಭಾವನೆಗೆ ಈ ದೇಶದಲ್ಲಿ ಒಂದು ಶಾಸನದ ಚರಿತ್ರೆಯಿದೆ. ೧೮೭೧ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರಕಾರವು ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ಜಾರಿಗೆ ತಂದಿತು. ಒಂದು ಬುಡಕಟ್ಟನ್ನು ಅಪರಾಧಿ ಬುಡಕಟ್ಟೆಂದು ಸಾರಿದರೆ ಆಯಿತು. ಅದರಲ್ಲಿ ಹುಟ್ಟಿದವರು ಹೆಸರು ನೋಂದಾಯಿಸಬೇಕು, ರಹದಾರಿಯಿಲ್ಲದೆ ಗೊತ್ತಾದ ಸ್ಥಳವನ್ನು ಬಿಟ್ಟು ಹೋಗಕೂಡದು. ಆ ಘೋಷಣೆಯನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಐದು ತಿಂಗಳುಗಳ ಬಳಿಕ, ೧೮೭೨ರ ಮಾರ್ಚಿಯಲ್ಲಿ, ಭಾರತೀಯ ಸಾಕ್ಷ್ಯ ಕಾಯಿದೆಗೆ ಅಂಗೀಕಾರ ದೊರೆಯಿತು. ಎರಡೂ ಶಾಸನಗಳು ವೈಸರಾಯರ ಮಂಡಲಿಯಲ್ಲಿ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಎಂಬಾತನು ಕಾಯಿದೆಯ ಸದಸ್ಯನಾಗಿದ್ದ ಅವಧಿಯಲ್ಲಿಯೇ ಆದುವು. ಎರಡನೆಯದರ ಕರಡನ್ನು ಬರೆದವನಂತೂ ಆತನೇ.

ಈ ಎರಡು ಶಾಸನಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಓದುವುದು ಬೋಧಪ್ರದವಾದುದು. ಆರೋಪಿಯ ದುರ್ನಡತೆಯು ಆತನ ವಿರುದ್ಧ ಸಾಮಾನ್ಯವಾಗಿ ಸಾಕ್ಷ್ಯವಾಗಲಾರದೆಂದು ಸಾಕ್ಷ್ಯ ಕಾಯಿದೆಯು ವಿಧಿಸಿತ್ತು. ಕಳ್ಳನೆಂದು ಹೆಸರಾದವನ ಮೇಲೆ ಹೊಸ ಕಳವನ್ನು ಹೊರಿಸಬೇಕಾದರೂ ಬೇರೆಯ ರುಜುವಾತು ಬೇಕು. ಅಪರಾಧಿ ಬುಡಕಟ್ಟುಗಳ ಕಾಯಿದೆಯಾದರೋ ನಡತೆಯನ್ನೂ ದಾಟಿ ಹುಟ್ಟನ್ನೇ ರುಜುವಾತೆಂದು ಹಿಡಿಯಿತು. ಒಂದೇ ಸರಕಾರವು ನ್ಯಾಯಾಲಯದ ಒಳಗೆ ಒಂದು ನಿಯಮವನ್ನೂ, ಹೊರಗೆ ಅದಕ್ಕೆ ನೇರ ವಿರುದ್ಧವಾದ ಇನ್ನೊಂದನ್ನೂ ನಿಲ್ಲಿಸಿತು. ಒಳಗಿನ ನಿಯಮವು ಎಲ್ಲರಿಗಾಗಿ ಇದ್ದರೂ, ಬುಡಕಟ್ಟಿನವನು ಅಲ್ಲಿಗೆ ಬರುವಾಗ ಹೊರಗಿನ ನಿಯಮದ ಗುರುತನ್ನು ಹೊತ್ತುಕೊಂಡೇ ಬರುತ್ತಿದ್ದನು.

ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆಯು ೧೯೧೧ರ ಕಾಯಿದೆಯ ಬಳಿಕ ಮುಂಬಯಿ ಇಲಾಖೆಗೂ ಹಬ್ಬಿತು. ಕನ್ನಡಿಗರಿಗೆ ಇದು ಪರದೇಶದ ಕಥೆಯೇನಲ್ಲ. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇಂಥವರಿಗಾಗಿ ತಂತಿಬೇಲಿಯ ವಸತಿಗಳು ಏರ್ಪಟ್ಟುವು. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ಆ ಓಣಿಗಳಿಗೆ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದುಕೊಂಡಿದೆ; ಬೇಲಿ ಹೋದರೂ ಶಬ್ದ ಹೋಗಿಲ್ಲ.

ಮುಂಬಯಿ ರಾಜ್ಯದಲ್ಲಿ ೧೯೪೯ರಲ್ಲಿಯೂ, ಇಡೀ ದೇಶದಲ್ಲಿ ೧೯೫೨ರ ಆಗಸ್ಟ್ ೩೧ರಂದೂ ಈ ಕಾಯಿದೆ ರದ್ದಾಯಿತು. ಆ ಪಟ್ಟಿಯಲ್ಲಿದ್ದವರು ಅಂದಿನಿಂದ ‘ವಿಮುಕ್ತ’ರೆನಿಸಿದರು. ಆದರೆ ರೂಢಿಗತ ಅಪರಾಧಿಗಳ ಕಾಯಿದೆಗಳು, ೧೯೫೯ರಲ್ಲಿ ಮುಂಬಯಿಯಲ್ಲಿ, ೧೯೬೧ರಲ್ಲಿ ನಮ್ಮ ರಾಜ್ಯದಲ್ಲಿ, ಬಂದುವು. ಇವು ಜನಾಂಗವನ್ನು ಹೆಸರಿಸಲಿಲ್ಲ, ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡುವು. ಹಾಗಿದ್ದರೂ ಹಳೆಯ ಪಟ್ಟಿಯಲ್ಲಿದ್ದವರ ಮೇಲೆಯೇ ಪೋಲೀಸರ ಕಣ್ಣು ಮೊದಲು ಬೀಳುವ ರೂಢಿ ಮುಂದುವರಿಯಿತು. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳ ಪಟ್ಟಿಯೇ ಬೇರೆ, ಅಲೆಮಾರಿ ಬುಡಕಟ್ಟುಗಳ ಪಟ್ಟಿಯೇ ಬೇರೆ. ಊರಿನವರ ಸಂಶಯವು ಮಾತ್ರ ಈ ಭೇದವನ್ನು ಅರಿಯದು. ಗೊತ್ತಾದ ಊರಿಲ್ಲದವನ ಪರವಾಗಿ, ಆ ರಾತ್ರಿ ಆತನು ಮನೆಯಲ್ಲಿದ್ದನೆಂದು ಹೇಳಲು ನೆರೆಹೊರೆಯಿರುವುದಿಲ್ಲ, ತೋರಿಸಲು ಹಾಜರಿ ಪುಸ್ತಕವಿರುವುದಿಲ್ಲ.

ಮರಾಠಿಯಲ್ಲಿ ೧೯೮೭ರಲ್ಲಿ ಪ್ರಕಟವಾಗಿ ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಲಕ್ಷ್ಮಣ ಗಾಯಕವಾಡರ ಆತ್ಮಕಥೆ ‘ಉಚಲ್ಯಾ’ ಈ ಬದುಕನ್ನು ಒಳಗಿನಿಂದ ತೋರಿಸುವ ಗ್ರಂಥ. ಮರಾಠವಾಡದ ಲಾತೂರು ಸೀಮೆಯ ಗಾಯಕವಾಡರು, ಮಹಾಶ್ವೇತಾ ದೇವಿ ಮತ್ತು ಗಣೇಶ ದೇವಿಯವರೊಡಗೂಡಿ, ೧೯೯೮ರಲ್ಲಿ ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟುಗಳ ಹಕ್ಕುಗಳಿಗಾಗಿ ಒಂದು ಸಂಘಟನೆಯನ್ನು ಕಟ್ಟಿದರು. ಆ ವರ್ಷದ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಶಬರ ಜನಾಂಗದ ತರುಣನೊಬ್ಬನು ಬಂಧನದಲ್ಲಿ ಮೃತನಾದುದು ಅದಕ್ಕೆ ಹಿನ್ನೆಲೆ.

ನಾಸಿಕ ಮತ್ತು ಸಂಭಾಜಿನಗರಗಳು ಸಮಾನತೆಯ ಚರಿತ್ರೆಯಲ್ಲಿ ಗೌರವದ ಸ್ಥಾನವುಳ್ಳ ಪಟ್ಟಣಗಳೆಂಬುದನ್ನೂ ಇಲ್ಲಿ ಸ್ಮರಿಸಬೇಕು. ೧೯೩೦ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರರ ನೇತೃತ್ವದಲ್ಲಿ ನಾಸಿಕದ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಸತ್ಯಾಗ್ರಹ ಆರಂಭವಾಗಿ ವರ್ಷಗಳ ಕಾಲ ನಡೆಯಿತು. ೧೯೫೦ರಲ್ಲಿ ಅವರು ಔರಂಗಾಬಾದಿನಲ್ಲಿ ಸ್ಥಾಪಿಸಿದ ಕಾಲೇಜು ಮರಾಠವಾಡದ ದಲಿತರಿಗೆ ಉಚ್ಚ ಶಿಕ್ಷಣದ ಬಾಗಿಲನ್ನು ತೆರೆಯಿತು. ಆಗ ಆ ಪಟ್ಟಣವು ಕಲಬುರ್ಗಿ, ರಾಯಚೂರು, ಬೀದರಗಳೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಊರೂರು ಅಲೆಯುವವನಿಗೆ ಮಾತ್ರ ಈ ಹೋರಾಟಗಳ ಫಲ ತಡವಾಗಿಯೂ ಅಲ್ಪವಾಗಿಯೂ ಮುಟ್ಟಿತು.

೬

ಸಾಕ್ಷ್ಯ ಕಾಯಿದೆಯ ೧೧೪ನೆಯ ಕಲಮಿನಲ್ಲಿ ಒಂದು ದೃಷ್ಟಾಂತವಿತ್ತು: ಹಾಜರುಪಡಿಸಬಹುದಾಗಿದ್ದ ಸಾಕ್ಷ್ಯವನ್ನು ಹಾಜರುಪಡಿಸದೆ ಹೋದರೆ, ಅದು ಮುಚ್ಚಿಟ್ಟವನಿಗೆ ಪ್ರತಿಕೂಲವಾಗಿರುತ್ತಿತ್ತೆಂದು ನ್ಯಾಯಾಲಯವು ಭಾವಿಸಬಹುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಲೆಕ್ಕಪತ್ರಗಳ ಪರಿಶೋಧನೆಯಲ್ಲಿ ಇದು ಹಳೆಯ ಸೂತ್ರ. ಖಾತೆಯಲ್ಲಿ ಬರೆದಿರುವ ಜಮೆ-ಖರ್ಚುಗಳು ತಾಳೆಯಾದ ಮಾತ್ರಕ್ಕೆ ಪರಿಶೋಧಕನು ತೃಪ್ತನಾಗುವುದಿಲ್ಲ. ಇರಬೇಕಾಗಿದ್ದು ಇಲ್ಲದ ರಶೀದಿ ಯಾವುದೆಂದು ಹುಡುಕುತ್ತಾನೆ. ನಾಸಿಕದ ಮೊಕದ್ದಮೆಯಲ್ಲಿ ಮೂರು ನ್ಯಾಯಾಲಯಗಳು ಬರೆದಿದ್ದ ಬಾಬುಗಳನ್ನು ತಾಳೆ ನೋಡಿದುವು. ೨೦೧೯ರ ಪೀಠವು ಇಲ್ಲದ ಬಾಬನ್ನು ಕೇಳಿತು.

ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಜೂನ್ ೭ರ ಗುರುತಿಸುವಿಕೆಯು ಬರಿಯ ಬಾಯಿಮಾತಾಗಿ ಉಳಿದಿದ್ದರೆ ಹದಿನಾರು ವರ್ಷಗಳ ಬಳಿಕ ಅದರ ಸುಳಿವೇ ಸಿಕ್ಕುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರ ಸಮಕ್ಷಮ ಅದು ದಾಖಲಾದುದರಿಂದ ಉಳಿಯಿತು. ಲಿಖಿತ ದಾಖಲೆ, ಲಿಖಿತ ಕಾರಣಗಳು, ಮೇಲ್ಮನವಿ, ಪುನರ್ವಿಮರ್ಶೆ, ಇವುಗಳ ನಿಧಾನವಾದ ಸರಪಳಿಯೇ ಕೊನೆಗೆ ಆ ಆರು ಮಂದಿಯನ್ನು ಉಳಿಸಿತು. ಕಾದಂಬರಿಯ ಟಾಮನಿಗಾದರೋ ಅಷ್ಟು ಕಾಲವೂ ದೊರೆಯಲಿಲ್ಲ; ಮೇಲ್ಮನವಿಗೆ ಮುನ್ನವೇ, ಸೆರೆಯಿಂದ ತಪ್ಪಿಸಿಕೊಳ್ಳಲು ಯತ್ನಿಸಿದನೆಂದು ಕಾವಲುಗಾರರ ಗುಂಡಿಗೆ ಆತನು ಬಲಿಯಾಗುತ್ತಾನೆ. ಆದರೆ ೨೦೦೯ರ ಶಿಕ್ಷೆಯು ಶೀಘ್ರವಾಗಿ ಜಾರಿಯಾಗಿದ್ದರೆ ನಾಸಿಕದ ದಾಖಲೆಯೂ ನಿರುಪಯೋಗಿಯಾಗುತ್ತಿತ್ತು. ನ್ಯಾಯವು ಇಲ್ಲಿ ಉಳಿದುದಕ್ಕೆ ವಿಳಂಬವೂ ಒಂದು ಕಾರಣವೆಂಬುದು ಯಾರಿಗೂ ಸಮಾಧಾನ ತರುವ ಮಾತಲ್ಲ.

ಸಾಕ್ಷ್ಯವು ಕುಸಿಯುವ ಇನ್ನೊಂದು ಬಗೆಯನ್ನು ಕನ್ನಡ ನಾಡೇ ಕಂಡಿದೆ. ೨೦೦೦ದ ಮಾರ್ಚಿ ೧೧ರಂದು ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವವಾಗಿ ದಹಿಸಲ್ಪಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಮ್ಮ ಹೇಳಿಕೆಗೆ ವಿಮುಖರಾದರು. ೨೦೦೬ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. ೨೦೧೪ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಾಸಿಕದಲ್ಲಿ ಬಲಹೀನರು ಆರೋಪಿಗಳಾಗಿದ್ದಾಗ ಅವರಿಗೆ ಅನುಕೂಲವಾದ ಸಾಕ್ಷ್ಯವು ಹಿಂದುಳಿಯಿತು. ಕಂಬಾಲಪಲ್ಲಿಯಲ್ಲಿ ಬಲಹೀನರು ಫಿರ್ಯಾದಿಗಳಾಗಿದ್ದಾಗ ಅವರ ಪಕ್ಷದ ಸಾಕ್ಷ್ಯವು ಉಡುಗಿಹೋಯಿತು. ತಕ್ಕಡಿಯ ಯಾವ ತಟ್ಟೆಯಲ್ಲಿ ನಿಂತರೂ ಅವರ ಪಾಲು ಹಗುರವೇ ಆಯಿತು.

ಇತ್ತೀಚೆಗೆ ಕೆಲವು ಭರವಸೆಯ ಚಿಹ್ನೆಗಳು ಕಾಣಿಸಿಕೊಂಡಿವೆ. ೨೦೨೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿಂದುಳಿದ ಮತ್ತು ವಿಮುಕ್ತ ಸಮುದಾಯಗಳ ನಿರಪರಾಧಿಗಳ ಹೆಸರುಗಳನ್ನು ಪೋಲೀಸರು ತಮ್ಮ ನಿಗಾ ಪಟ್ಟಿಗಳಿಗೆ ಯಾಂತ್ರಿಕವಾಗಿ ಸೇರಿಸುವ ಪದ್ಧತಿಯ ವಿಷಯದಲ್ಲಿ ಎಚ್ಚರಿಸಿತು. ಅದೇ ವರ್ಷದ ಅಕ್ಟೋಬರ್ ೩ರಂದು, ಸೆರೆಮನೆಯ ಕೈಪಿಡಿಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ವಿಧಿಗಳನ್ನೂ, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಎಣಿಸುವ ವಿಧಿಗಳನ್ನೂ ಸಂವಿಧಾನಬಾಹಿರವೆಂದು ಸಾರಿತು. ೧೮೭೧ರ ಕಾಯಿದೆಯು ರದ್ದಾಗಿ ಎಪ್ಪತ್ತೆರಡು ವರ್ಷಗಳಾದ ಮೇಲೆಯೂ ಅದರ ಶಬ್ದಗಳು ಸರಕಾರಿ ಪುಸ್ತಕಗಳಲ್ಲಿ ಉಳಿದಿದ್ದುವೆಂಬುದು ಈ ತೀರ್ಪಿನಿಂದಲೇ ವೇದ್ಯವಾಗುತ್ತದೆ.

ಹಾರ್ಪರ್ ಲೀ ಅವರ ಕಾದಂಬರಿಯನ್ನು ಓದಿದವರು ಸಾಮಾನ್ಯವಾಗಿ ಜೂರಿಯವರ ಅಂತಃಕರಣವನ್ನು ಕುರಿತು ಚಿಂತಿಸುತ್ತಾರೆ. ನಾಸಿಕದ ಮೊಕದ್ದಮೆಯು ಆ ಚಿಂತನೆಯನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ನ್ಯಾಯಾಧೀಶನ ಮನಸ್ಸು ನಿರ್ಮಲವಾಗಿದ್ದರೆ ಸಾಲದು. ಆತನ ಮುಂದೆ ಬರುವ ಕಡತವೂ ನಿರ್ಮಲವಾಗಿರಬೇಕು. ‘ಈತನು ಯಾರು’ ಎಂಬ ಪ್ರಶ್ನೆಗೆ ಸಮಾಜವು ಇಟ್ಟುಕೊಂಡಿರುವ ಸಿದ್ಧ ಉತ್ತರವು ತನಿಖೆಯ ಮೊದಲ ದಿನವೇ ಕೆಲಸ ಮಾಡತೊಡಗಿದರೆ, ‘ಈತನು ಏನು ಮಾಡಿದನು’ ಎಂಬ ಪ್ರಶ್ನೆಯನ್ನು ಆಮೇಲೆ ಯಾರು ಕೇಳಿದರೂ ಉತ್ತರವು ವಕ್ರವಾಗಿಯೇ ಬರುತ್ತದೆ. ಆದುದರಿಂದ ಸಾಕ್ಷ್ಯವನ್ನು ತೂಗುವವರು, ಎದುರಿಗಿರುವುದು ಏನೆಂಬುದರ ಜೊತೆಗೆ, ಎದುರಿಗೆ ಬಾರದೆ ಉಳಿದುದು ಏನೆಂಬುದನ್ನೂ ಪ್ರತಿಯೊಂದು ಮೊಕದ್ದಮೆಯಲ್ಲಿ ಕೇಳಬೇಕಾಗುತ್ತದೆ. ಆರೋಪಿಯ ಪರವಾಗಿ ಅದನ್ನು ಕೇಳುವ ಶಕ್ತಿಯುಳ್ಳ ಬಂಧುಗಳಾಗಲಿ ಹಣವಾಗಲಿ ಊರಾಗಲಿ ಇಲ್ಲದಿರುವಲ್ಲಿ, ಆ ಪ್ರಶ್ನೆಯನ್ನು ಕೇಳುವ ಹೊಣೆಯು ನ್ಯಾಯಾಸ್ಥಾನದ ಮೇಲೆಯೇ ಬೀಳುತ್ತದೆ.